ಶಾಖ ಹರಡುವ ಸಮೀಕರಣಕ್ಕೆ ಯಾವ ಅಡಾಪ್ಟಿವ್ ವಿಧಾನ ಆರಿಸಬೇಕು?

"ಸುಮ್ನೆ ಒಂದೇ ಸಮನಾದ ಗ್ರಿಡ್ ಹಾಕಿ ಓಡಿಸಿದರೆ ಸಾಕಾ, ಇಲ್ಲಾ ಅಡಾಪ್ಟಿವ್ ಮೆಶ್ ಬೇಕೇ ಬೇಕಾ?" ಈಚೆಗೆ ಮೂರು ಜನ ಇದೇ ಪ್ರಶ್ನೆ ಕೇಳಿದರು. ಗ್ರಿಡ್ ಅಥವಾ ಮೆಶ್ ಅಂದರೆ ಲೆಕ್ಕಕ್ಕಾಗಿ ಜಾಗವನ್ನು ಬಿಂದುಗಳಾಗಿ, ಕೋಶಗಳಾಗಿ ಹಂಚಿದ ಬಲೆ. ಅಡಾಪ್ಟಿವ್ ಅಂದರೆ ಉತ್ತರ ನೋಡಿಕೊಂಡು ತಾನೇ ಬದಲಾಗುವಂಥದ್ದು. ಒಬ್ಬರು ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದಾರೆ. ಒಂದು ಕಂಬಿಯಲ್ಲಿ ಶಾಖ ಹರಡುವುದನ್ನು ಲೆಕ್ಕ ಹಾಕಬೇಕು. ಇನ್ನೊಬ್ಬರು ಎಂಜಿನಿಯರ್. ಲೋಹದ ತಟ್ಟೆಯ ಮೇಲೆ ಲೇಸರ್ ಓಡುವಾಗ ಎಲ್ಲಿ ಎಷ್ಟು ಬಿಸಿಯಾಗುತ್ತದೆ ಎಂದು ಅವರಿಗೆ ತಿಳಿಯಬೇಕು. ಮೂರನೆಯವರು ಸಂಶೋಧನೆಯಲ್ಲಿದ್ದಾರೆ. ಒಂದು ಜೀವಿಯ ಸಂಖ್ಯೆ ಅಲೆಯ ಹಾಗೆ ಹರಡುತ್ತಾ ಹೋಗುವ ವೇಗ ಅವರಿಗೆ ಬೇಕು. ಮೂವರ ಕೈಯಲ್ಲಿರುವುದೂ ಪ್ಯಾರಬೋಲಿಕ್ ಸಮೀಕರಣವೇ, ಅಂದರೆ ಶಾಖದ ಹಾಗೆ ಕಾಲ ಕಳೆದಂತೆ ಹರಡುತ್ತಾ ಹೋಗುವುದನ್ನು ಹೇಳುವ ಸಮೀಕರಣ. ಆದರೂ ಮೂವರಿಗೂ ನಾನು ಹೇಳಿದ್ದು ಬೇರೆ ಬೇರೆ. ಆ ಮೂರು ಉತ್ತರ ಎಲ್ಲಿಂದ ಬಂದವು ಅನ್ನುವುದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ.

ಮೊದಲು ಹೆಂಚಿನ ಲೆಕ್ಕ

ಕಬ್ಬಿಣದಲ್ಲಿ ಶಾಖ ಹರಡುವ ಗುಣಾಂಕ ಸೆಕೆಂಡಿಗೆ ಸುಮಾರು 23 ಚದರ ಮಿ.ಮೀ. ಒಂದು ದೂರದ ವರ್ಗವನ್ನು ಈ ಗುಣಾಂಕದಿಂದ ಭಾಗಿಸಿದರೆ, ಶಾಖ ಅಷ್ಟು ದೂರ ಹರಡಲು ಬೇಕಾಗುವ ಸಮಯದ ಅಂದಾಜು ಸಿಗುತ್ತದೆ. ದೋಸೆ ಹೆಂಚಿನ ಮೇಲೆ 10 ಸೆಂ.ಮೀ. ಹರಡಲು 7 ನಿಮಿಷಕ್ಕೆ ಸ್ವಲ್ಪ ಜಾಸ್ತಿ. 1 ಮಿ.ಮೀ. ಹರಡಲು 0.04 ಸೆಕೆಂಡ್. ದೂರದಲ್ಲಿ ನೂರು ಪಟ್ಟು ವ್ಯತ್ಯಾಸ, ಸಮಯದಲ್ಲಿ ಹತ್ತು ಸಾವಿರ ಪಟ್ಟು. ಈ ಜಾತಿಯ ಸಮೀಕರಣಗಳ ಕಷ್ಟವೂ ಅನುಕೂಲವೂ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಅನುಕೂಲ ಏನೆಂದರೆ, ಸಣ್ಣ ಏರಿಳಿತಗಳು ಕಣ್ಣುಮುಚ್ಚಿ ತೆಗೆಯುವುದರೊಳಗೆ ಅಳಿಸಿಹೋಗುತ್ತವೆ. ಮೊದಲ ಕ್ಷಣ ಕಳೆದ ಮೇಲೆ ಉತ್ತರ ನುಣುಪಾಗಿ, ನಿಧಾನವಾಗಿ ಬದಲಾಗುತ್ತದೆ. ಕಷ್ಟ ಏನೆಂದರೆ, ಅಳಿಸಿಹೋದ ಆ ಸಣ್ಣ ಏರಿಳಿತಗಳೇ ಸರಳ ಲೆಕ್ಕದ ವಿಧಾನವನ್ನು ಕೊನೆಯವರೆಗೂ ಹಿಡಿದಿಡುತ್ತವೆ. ಎಕ್ಸ್‌ಪ್ಲಿಸಿಟ್ ವಿಧಾನದಲ್ಲಿ, ಅಂದರೆ ಮುಂದಿನ ಕ್ಷಣದ ಬೆಲೆಯನ್ನು ಈಗಿನ ಬೆಲೆಗಳಿಂದಲೇ ನೇರವಾಗಿ ಲೆಕ್ಕ ಹಾಕುವಾಗ, ಕಾಲದ ಹೆಜ್ಜೆ, ಗ್ರಿಡ್ ಅಂತರದ ವರ್ಗವನ್ನು ಗುಣಾಂಕದ ಎರಡು ಪಟ್ಟಿನಿಂದ ಭಾಗಿಸಿದಷ್ಟನ್ನು ಮೀರುವಂತಿಲ್ಲ. ಇದು ಒಂದು ಆಯಾಮದ ಮಾತು. ಎರಡು ಆಯಾಮಕ್ಕೆ ನಾಲ್ಕು ಪಟ್ಟಿನಿಂದ, ಮೂರಕ್ಕೆ ಆರು ಪಟ್ಟಿನಿಂದ ಭಾಗಿಸಬೇಕು. ಹೆಂಚಿನ ಮೇಲೆ 1 ಮಿ.ಮೀ. ಗ್ರಿಡ್ ಹಾಕಿ, ಒಂದೇ ಆಯಾಮದಲ್ಲಿ 7 ನಿಮಿಷ ಓಡಿಸಿದರೂ ಸುಮಾರು 20,000 ಹೆಜ್ಜೆ ಬೇಕು. ಗ್ರಿಡ್ಡನ್ನು ಅರ್ಧಕ್ಕೆ ಇಳಿಸಿದರೆ ಒಂದು ಆಯಾಮದಲ್ಲಿ ಕೆಲಸ 8 ಪಟ್ಟು, ಎರಡರಲ್ಲಿ 16, ಮೂರರಲ್ಲಿ 32.

ಇಂಥ ಸಮೀಕರಣಗಳನ್ನು ಸ್ಟಿಫ್ ಅನ್ನುತ್ತಾರೆ. ಆ ಹೆಸರಿಟ್ಟು ಅದಕ್ಕೊಂದು ವಿಧಾನ ಕೊಟ್ಟವರು ಕರ್ಟಿಸ್ ಮತ್ತು ಹಿರ್ಷ್‌ಫೆಲ್ಡರ್, 1952ರಲ್ಲಿ.

ಆರಿಸುವ ಮುಂಚೆ ಕೇಳಿಕೊಳ್ಳಬೇಕಾದ್ದು

ವಿಧಾನದ ಹೆಸರು ನೋಡುವುದಕ್ಕಿಂತ ಮುಂಚೆ ನಾನು ನಮ್ಮ ಸಮಸ್ಯೆಯನ್ನೇ ನೋಡುತ್ತೇನೆ. ಉತ್ತರದಲ್ಲಿ ಚೂಪಾದ ಭಾಗ ಇದೆಯಾ, ಇದ್ದರೆ ಇಡೀ ಜಾಗದಲ್ಲಿ ಅದರ ಪಾಲೆಷ್ಟು? ಅದು ಒಂದೇ ಕಡೆ ನಿಂತಿರುತ್ತದಾ, ಓಡಾಡುತ್ತದಾ? ಆಯಾಮ ಎಷ್ಟು? ಕೊನೆಗೆ ವರದಿಯಲ್ಲಿ ಬರೆಯುವ ಸಂಖ್ಯೆ ಯಾವುದು: ಒಂದು ಜಾಗದ ಉಷ್ಣತೆಯಾ, ಒಟ್ಟು ಶಾಖವಾ, ಅಲೆಯ ವೇಗವಾ?

ಆಮೇಲೆ ಬಜೆಟ್. ಇಲ್ಲಿ ಬಜೆಟ್ ಅಂದರೆ ದುಡ್ಡು ಮಾತ್ರ ಅಲ್ಲ. ಮೆಷಿನ್ನಿನ ಗಂಟೆಗಳು, ಮೆಮೊರಿ, ಎಲ್ಲಕ್ಕಿಂತ ಮೇಲಾಗಿ ನೀವು ಕೋಡ್ ಬರೆಯಲು ಕೊಡಬಲ್ಲ ವಾರಗಳು. ಮೆಷಿನ್ ರಾತ್ರಿಯಿಡೀ ಓಡಿದರೆ ನಮ್ಮ ನಿದ್ದೆ ಹಾಳಾಗುವುದಿಲ್ಲ. ಬರೆಯಲು ಮೂರು ತಿಂಗಳು ಹಿಡಿದರೆ ಪ್ರಾಜೆಕ್ಟ್ ಮುಗಿಯುವುದಿಲ್ಲ.

ಚೂಪು ಭಾಗದ ಪಾಲು ಅಂದೆನಲ್ಲ, ಅದನ್ನು ಸಂಖ್ಯೆಯಲ್ಲೇ ನೋಡೋಣ. ಅಲೆಯ ಪ್ರಶ್ನೆ ಕೇಳಿದವರ ಸಮೀಕರಣ 1937ರಲ್ಲಿ ಫಿಶರ್ ಬರೆದದ್ದು. ಅದೇ ವರ್ಷ ಕೊಲ್ಮೊಗೊರೊವ್, ಪೆಟ್ರೊವ್‌ಸ್ಕಿ, ಪಿಸ್ಕುನೋವ್ ಕೂಡ ಅದನ್ನು ಬರೆದರು. ಹರಡುವ ಗುಣಾಂಕ 0.001, ಬೆಳೆಯುವ ದರ 10 ಅಂತಿಟ್ಟುಕೊಳ್ಳಿ. ಅಲೆಯ ಅಳತೆಗೋಲು ಇವೆರಡರ ಭಾಗಲಬ್ಧದ ವರ್ಗಮೂಲ, ಅಂದರೆ 0.01. ಅದರೊಳಗೆ ಹತ್ತು ಬಿಂದು ಬೇಕೆಂದರೆ ಗ್ರಿಡ್ ಅಂತರ 0.001. ಉದ್ದ 1, ಕಾಲ 4.

ಒಂದು ಆಯಾಮದಲ್ಲಿ 1000 ಬಿಂದು, 8000 ಹೆಜ್ಜೆ, ಒಟ್ಟು 80 ಲಕ್ಷ ಲೆಕ್ಕ. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಮುಗಿಯುತ್ತದೆ. ಎರಡು ಆಯಾಮದಲ್ಲಿ 10 ಲಕ್ಷ ಬಿಂದು, 16,000 ಹೆಜ್ಜೆ, 1600 ಕೋಟಿ ಲೆಕ್ಕ. ಲ್ಯಾಪ್‌ಟಾಪ್ ಸ್ವಲ್ಪ ಬಿಸಿಯಾಗುತ್ತದೆ, ಆದರೆ ಆಗುತ್ತದೆ. ಮೂರು ಆಯಾಮದಲ್ಲಿ 100 ಕೋಟಿ ಬಿಂದು. ಒಂದು ಪ್ರತಿ ಇಟ್ಟುಕೊಳ್ಳಲೇ 8 ಜಿ.ಬಿ. ಮೆಮೊರಿ ಬೇಕು. ಇಲ್ಲಿಗೆ ಬಂದಾಗ ಮಾತ್ರ ಮೆಶ್ ಅಡಾಪ್ಟ್ ಮಾಡುವ ಮಾತಿಗೆ ಅರ್ಥ ಬರುತ್ತದೆ.

ಅಲ್ಲೂ ಲಾಭ ಎಷ್ಟು ಅಂತ ಕೇಳಬೇಕು. ಅಲೆಯ ಚೂಪು ಭಾಗ ಆ ಅಳತೆಗೋಲಿನ ಹತ್ತು ಪಟ್ಟು ಅಗಲ ಅಂದುಕೊಂಡರೆ, ಇಡೀ ಜಾಗದ ಹತ್ತರಲ್ಲೊಂದು ಪಾಲು ಆಯಿತು. ಹಾಗಾಗಿ ಮೆಶ್ ಅಡಾಪ್ಟ್ ಮಾಡಿದರೆ ಬಿಂದುಗಳಲ್ಲಿ ಉಳಿಯುವುದು ಹೆಚ್ಚೆಂದರೆ ಹತ್ತು ಪಟ್ಟು. ಮೆಶ್ ನೋಡಿಕೊಳ್ಳುವ ಖರ್ಚು ಅದರಲ್ಲೇ ಒಂದು ಭಾಗ ತಿನ್ನುತ್ತದೆ. ಎಂಜಿನಿಯರ್ ಅವರ ಲೇಸರ್ ಲೆಕ್ಕ ಇದಕ್ಕಿಂತ ಪೂರ್ತಿ ಬೇರೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಸಮ ಗ್ರಿಡ್, ಸ್ಥಿರ ಹೆಜ್ಜೆ

ಇದು ಅಡಾಪ್ಟಿವ್ ಅಲ್ಲ. ಆದರೂ ಪಟ್ಟಿಯಲ್ಲಿ ಇರಲೇಬೇಕು. ಬೇರೆ ಯಾವುದನ್ನು ಅಳೆಯಬೇಕಾದರೂ ಇದರ ಪಕ್ಕದಲ್ಲಿಟ್ಟೇ ಅಳೆಯಬೇಕು. ಇಲ್ಲಿ ಎಲ್ಲರೂ ಮೊದಲು ಹಿಡಿಯುವುದು ಕ್ರಾಂಕ್–ನಿಕೋಲ್ಸನ್, 1947ರ ವಿಧಾನ. ಹೆಜ್ಜೆ ಎಷ್ಟು ದೊಡ್ಡದಿಟ್ಟರೂ ಸ್ಫೋಟಿಸುವುದಿಲ್ಲ, ಎರಡನೇ ದರ್ಜೆಯ ನಿಖರತೆಯೂ ಇದೆ, ಅಂದರೆ ಹೆಜ್ಜೆ ಅರ್ಧ ಮಾಡಿದರೆ ತಪ್ಪು ಕಾಲು ಪಾಲಾಗುತ್ತದೆ.

ಆದರೆ ಒಂದು ದೋಷ ಇದೆ. ದೊಡ್ಡ ಹೆಜ್ಜೆ ಇಟ್ಟಾಗ ಸಣ್ಣ ಏರಿಳಿತಗಳನ್ನು ಅದು ಅಳಿಸುವುದಿಲ್ಲ. ಹೆಜ್ಜೆಗೊಮ್ಮೆ ಚಿಹ್ನೆ ಮಾತ್ರ ಬದಲಾಗುತ್ತದೆ: ಮೇಲೆ, ಕೆಳಗೆ, ಮೇಲೆ, ಕೆಳಗೆ. ಆರಂಭದ ಬೆಲೆಗಳಲ್ಲಿ ಮೆಟ್ಟಿಲು ಇದ್ದರೆ, ಅಂದರೆ ಒಂದು ಕಡೆ ಬಿಸಿ, ಪಕ್ಕದಲ್ಲೇ ತಣ್ಣಗೆ ಇದ್ದರೆ, ಆ ಮೂಲೆಯ ಸುತ್ತ ಗರಗಸದ ಹಲ್ಲಿನಂಥ ಉತ್ತರ ಬರುತ್ತದೆ.  ಮದ್ದು ಸರಳ. ಮೊದಲ ಕೆಲವು ಹೆಜ್ಜೆಗಳನ್ನು, ಸಣ್ಣ ಏರಿಳಿತಗಳನ್ನು ಚೆನ್ನಾಗಿ ಅಳಿಸುವ ಬ್ಯಾಕ್‌ವರ್ಡ್ ಆಯ್ಲರ್‌ನಿಂದ ಇಟ್ಟು, ಆಮೇಲೆ ಕ್ರಾಂಕ್–ನಿಕೋಲ್ಸನ್‌ಗೆ ಬದಲಾಯಿಸುವುದು. ರಾನಾಕರ್ 1984ರಲ್ಲಿ ತೋರಿಸಿಕೊಟ್ಟ ಈ ಉಪಾಯ ಇವತ್ತಿಗೂ ನಾಲ್ಕೈದು ಸಾಲಿನ ಕೋಡ್‌ನಲ್ಲಿ ಮುಗಿಯುತ್ತದೆ.

ಇದರ ಜೊತೆಗೇ ಬಹಳ ಜನ ಮರೆಯುವ ಇನ್ನೊಂದು ಆಯ್ಕೆ ಇದೆ: ಸಮವಲ್ಲದ, ಆದರೆ ಕದಲದ ಗ್ರಿಡ್. ಚೂಪು ಭಾಗ ಎಲ್ಲಿದೆ ಅಂತ ಮೊದಲೇ ಗೊತ್ತಿದ್ದು, ಅದು ಅಲ್ಲೇ ಇರುತ್ತದೆ ಅಂದರೆ, ಅಲ್ಲಿ ಬಿಂದುಗಳನ್ನು ಒತ್ತೊತ್ತಾಗಿ ಇಟ್ಟುಬಿಡಿ. ಮಣ್ಣಿನ ಉಷ್ಣತೆಯನ್ನೇ ತಗೊಳ್ಳಿ. ಹಗಲು ರಾತ್ರಿಯ ಏರಿಳಿತ ಸುಮಾರು 12 ಸೆಂ.ಮೀ. ಆಳದ ಹೊತ್ತಿಗೆ ಮೂರನೇ ಒಂದು ಪಾಲಿಗೆ ಇಳಿದಿರುತ್ತದೆ. ವರ್ಷದ ಏರಿಳಿತ ಹಾಗೆ ಇಳಿಯಲು 2 ಮೀಟರ್‌ಗೂ ಸ್ವಲ್ಪ ಜಾಸ್ತಿ ಬೇಕು. ಮೇಲೆ ಒಂದೊಂದು ಸೆಂ.ಮೀ., ಕೆಳಗೆ ಹೋಗುತ್ತಾ ಅಗಲ. ಅಷ್ಟೇ ಸಾಕು. ಇಂಥ ಕಡೆ ಅಡಾಪ್ಟಿವ್ ಮೆಶ್ ತಂದರೆ ಸುಮ್ನೆ ಕೆಲಸ ಹೆಚ್ಚು.

ಕಾಲದಲ್ಲಿ ಮಾತ್ರ ಅಡಾಪ್ಟ್ ಮಾಡುವುದು

ಯಾರಾದರೂ ನನ್ನನ್ನು ಒಂದೇ ಮಾತಲ್ಲಿ ಹೇಳಿ ಅಂದರೆ ಇದನ್ನೇ ಹೇಳುತ್ತೇನೆ: ಮೊದಲು ಕಾಲದಲ್ಲಿ ಅಡಾಪ್ಟ್ ಮಾಡಿ. ಶಾಖದ ಉತ್ತರ ಮೊದಲ ಕ್ಷಣದಲ್ಲಿ ವೇಗವಾಗಿ, ಆಮೇಲೆ ನಿಧಾನವಾಗಿ ಬದಲಾಗುತ್ತದೆ ಅಂದೆನಲ್ಲ. ಹಾಗಿದ್ದ ಮೇಲೆ ಕೊನೆಯವರೆಗೂ ಒಂದೇ ಅಳತೆಯ ಹೆಜ್ಜೆ ಯಾಕೆ? ಮೊದಲು ಪುಟ್ಟ ಹೆಜ್ಜೆ, ಆಮೇಲೆ ಅದರ ಸಾವಿರ ಪಟ್ಟು. ಇದಕ್ಕೆ ಬೇಕಾದ ಕೋಡ್ ಯಾರೋ ಆಗಲೇ ಬರೆದು, ಪರೀಕ್ಷಿಸಿ, ಪುಕ್ಕಟೆ ಕೊಟ್ಟಿದ್ದಾರೆ. ಜಾಗವನ್ನು ಗ್ರಿಡ್ ಮಾಡಿದರೆ ಉಳಿಯುವುದು ಸಾಮಾನ್ಯ ಅವಕಲ ಸಮೀಕರಣಗಳ ಒಂದು ದೊಡ್ಡ ಗುಂಪು. ಅದನ್ನು ಸಾಲ್ವರ್, ಅಂದರೆ ಸಮೀಕರಣ ಬಿಡಿಸುವ ಸಿದ್ಧ ಕೋಡ್, ಕೈಗೆ ಕೊಟ್ಟರೆ ಹೆಜ್ಜೆಯನ್ನು ಅದೇ ನೋಡಿಕೊಳ್ಳುತ್ತದೆ. ಪ್ರತಿ ಹೆಜ್ಜೆಯಲ್ಲೂ ತಪ್ಪಿನ ಅಂದಾಜು ಮಾಡುತ್ತದೆ. ಜಾಸ್ತಿಯಾದರೆ ಹೆಜ್ಜೆಯನ್ನು ತಿರಸ್ಕರಿಸಿ ಚಿಕ್ಕದು ಮಾಡುತ್ತದೆ, ಕಡಿಮೆಯಿದ್ದರೆ ದೊಡ್ಡದು ಮಾಡುತ್ತದೆ.

ಇಲ್ಲಿ ಒಂದು ಗುಂಡಿ ಇದೆ, ಎಂ.ಎಸ್ಸಿ. ಪ್ರಾಜೆಕ್ಟ್‌ನವರು ಅದರಲ್ಲೇ ಬಿದ್ದಿದ್ದರು. ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿ ಸಾಲ್ವ್-ಐವಿಪಿ (solve_ivp) ಎಂಬ ಸಾಲ್ವರ್ ಕರೆದು ಏನೂ ಹೇಳದಿದ್ದರೆ ಅದು ಆರ್‌ಕೆ45 ಬಳಸುತ್ತದೆ. ಅದು ಎಕ್ಸ್‌ಪ್ಲಿಸಿಟ್ ವಿಧಾನ. ಉದ್ದ 1, ಗುಣಾಂಕ 1, 200 ಬಿಂದುಗಳ ಕಂಬಿಗೆ ಅದು ಇಡಬಲ್ಲ ಹೆಜ್ಜೆ ಸುಮಾರು 0.00002. ಕಾಲ 1 ತಲುಪಲು 50,000ದ ಹತ್ತಿರ ಹೆಜ್ಜೆ, ಹೆಜ್ಜೆಗೆ ಆರರಂತೆ 3 ಲಕ್ಷದ ಹತ್ತಿರ ಫಂಕ್ಷನ್ ಕರೆ. ಉತ್ತರ ತಪ್ಪಾಗಿ ಬರುವುದಿಲ್ಲ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. "ನಮ್ಮ ಸಮಸ್ಯೆಯೇ ದೊಡ್ಡದು, ಅದಕ್ಕೆ ಇಷ್ಟು ಹೊತ್ತು" ಅಂದುಕೊಳ್ಳುತ್ತಾರೆ. ವಿಧಾನದ ಜಾಗದಲ್ಲಿ ಬಿಡಿಎಫ್ ಅಥವಾ ರಾಡಾವ್ ಅಂತ ಬರೆದರೆ (ಇವು ಇಂಪ್ಲಿಸಿಟ್, ಅಂದರೆ ಮುಂದಿನ ಬೆಲೆಗಳನ್ನೆಲ್ಲ ಒಟ್ಟಿಗೆ ಸಮೀಕರಣ ಬಿಡಿಸಿ ಹುಡುಕುವ ವಿಧಾನಗಳು) ಅದೇ ಕೆಲಸ ಕೆಲವೇ ನೂರು ಹೆಜ್ಜೆಯೊಳಗೆ ಮುಗಿಯುತ್ತದೆ. ಫಂಕ್ಷನ್ ಎಷ್ಟು ಸಲ ಕರೆಯಲ್ಪಟ್ಟಿತು ಅನ್ನುವ ಎಣಿಕೆಯನ್ನು ಸಾಲ್ವರ್ ವಾಪಸ್ ಕೊಡುತ್ತದೆ. ಅದನ್ನು ಒಮ್ಮೆ ಪ್ರಿಂಟ್ ಮಾಡಿ ನೋಡಿ.

ಎರಡನೆಯದು ಮ್ಯಾಟ್ರಿಕ್ಸ್. ಇಂಪ್ಲಿಸಿಟ್ ವಿಧಾನಕ್ಕೆ ಜಾಕೋಬಿಯನ್ ಬೇಕು, ಅಂದರೆ ಒಂದು ಬಿಂದುವಿನ ಬೆಲೆ ಅಲುಗಿದರೆ ಪ್ರತಿ ಬಿಂದುವಿನ ಬದಲಾವಣೆಯ ದರ ಎಷ್ಟು ಅಲುಗುತ್ತದೆ ಎಂದು ಹೇಳುವ ಮ್ಯಾಟ್ರಿಕ್ಸ್. ನೀವು ಕೊಡದಿದ್ದರೆ ಸಾಲ್ವರ್ ಒಂದೊಂದೇ ಬಿಂದುವನ್ನು ಅಲುಗಾಡಿಸಿ ಅದನ್ನು ಕಟ್ಟುತ್ತದೆ. 200 ಬಿಂದುವಿಗೆ 200 ಕರೆ. ಪ್ರತಿ ಬಿಂದುವಿಗೂ ಅಕ್ಕಪಕ್ಕದ ಎರಡೇ ಸಂಬಂಧ ಅಂತ ಜ್ಯಾಕ್-ಸ್ಪಾರ್ಸಿಟಿ ಎಂಬ ಆಯ್ಕೆಯಲ್ಲಿ ತಿಳಿಸಿದರೆ ಮೂರೇ ಕರೆ ಸಾಕು. ಎರಡು ಆಯಾಮದಲ್ಲಿ 100 × 100 ಗ್ರಿಡ್ ಇಟ್ಟು ಇದನ್ನು ತಿಳಿಸದೇ ಹೋದರೆ 10 ಕೋಟಿ ಸಂಖ್ಯೆಗಳ ಮ್ಯಾಟ್ರಿಕ್ಸ್, 800 ಎಂ.ಬಿ., ಅದರಲ್ಲಿ ಹೆಚ್ಚೂಕಡಿಮೆ ಎಲ್ಲ ಸೊನ್ನೆಗಳೇ. ಬಿಡಿಎಫ್ ನಿಧಾನ ಅಂತ ದೂರುವವರನ್ನು ಕಂಡರೆ ನಾನು ಮೊದಲು ಕೇಳುವುದು ಇದನ್ನೇ.

ಮ್ಯಾಟ್‌ಲ್ಯಾಬ್ ಇರುವವರಿಗೆ ಒಂದು ಆಯಾಮಕ್ಕೆ ಪಿಡಿಇಪಿಇ (pdepe) ಎಂಬ ಸಾಲ್ವರ್ ಇದೆ. ಅದು ಒಳಗೆ ಒಡಿಇ15ಎಸ್ ಎಂಬ ಸ್ಟಿಫ್ ಸಮೀಕರಣಗಳ ಸಾಲ್ವರ್ ಬಳಸಿ ಕಾಲದಲ್ಲಿ ಅಡಾಪ್ಟ್ ಮಾಡುತ್ತದೆ. ಜಾಗದ ಮೆಶ್ ಮಾತ್ರ ನೀವು ಕೊಟ್ಟದ್ದೇ, ಅದನ್ನು ಅದು ಮುಟ್ಟುವುದಿಲ್ಲ. ಇದು ಗೊತ್ತಿಲ್ಲದೆ ಟಾಲರೆನ್ಸ್ (ಎಷ್ಟು ತಪ್ಪು ಸಹಿಸಬಹುದು ಎಂಬ ಮಿತಿ) ಬಿಗಿ ಮಾಡುತ್ತಾ ಹೋಗುವವರಿದ್ದಾರೆ. ಟಾಲರೆನ್ಸ್ ಕಾಯುವುದು ಒಂದೊಂದು ಹೆಜ್ಜೆಯಲ್ಲಿ ಆಗುವ ಕಾಲದ ತಪ್ಪನ್ನು ಮಾತ್ರ. ಗ್ರಿಡ್ ಒರಟಾಗಿ ಶೇಕಡಾ 1 ತಪ್ಪು ಬರುತ್ತಿದ್ದರೆ, ಟಾಲರೆನ್ಸನ್ನು ಹತ್ತು ಕೋಟಿಯಲ್ಲೊಂದಕ್ಕೆ ಇಳಿಸಿದರೂ ಆ ಶೇಕಡಾ 1 ಅಲ್ಲೇ ಇರುತ್ತದೆ.

ಎರಡು, ಮೂರು ಆಯಾಮಕ್ಕೆ ಹೋದಾಗ ಮ್ಯಾಟ್ರಿಕ್ಸ್ ಬಿಡಿಸುವುದೇ ಭಾರವಾಗುತ್ತದೆ. ಆಗ ನಡುವಿನ ದಾರಿ ಒಂದಿದೆ: ರುಂಗೆ–ಕುಟ್ಟ–ಚೆಬಿಶೆವ್ ವಿಧಾನಗಳು, ಅವುಗಳ ಬಳಗದ ರಾಕ್2, ರಾಕ್4. ಇವು ಎಕ್ಸ್‌ಪ್ಲಿಸಿಟ್, ಮ್ಯಾಟ್ರಿಕ್ಸ್ ಬೇಡವೇ ಬೇಡ. ಒಂದು ಹೆಜ್ಜೆಯೊಳಗೆ ಹಲವು ಹಂತ ಇಟ್ಟು, ಹಂತಗಳ ಸಂಖ್ಯೆಯ ವರ್ಗದಷ್ಟು ಹೆಜ್ಜೆಯನ್ನು ಹಿಗ್ಗಿಸುತ್ತವೆ. ಎರಡನೇ ದರ್ಜೆಯ ವಿಧಾನದಲ್ಲಿ 20 ಹಂತ ಇಟ್ಟರೆ ಒಂದೇ ಹಂತದ ಸಾದಾ ಎಕ್ಸ್‌ಪ್ಲಿಸಿಟ್ ಆಯ್ಲರ್‌ನ 130 ಪಟ್ಟು ಹೆಜ್ಜೆ. ಇಪ್ಪತ್ತರ ಖರ್ಚಿಗೆ ನೂರಮೂವತ್ತು. ಮೆಮೊರಿಯೂ ಕಡಿಮೆ. ಜೂಲಿಯಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇವು ಸಿದ್ಧವಾಗಿ ಸಿಗುತ್ತವೆ. ಹರಡುವಿಕೆಯೇ ಮುಖ್ಯವಾಗಿದ್ದು ಗಾಳಿಯೋ ನೀರೋ ಹೊತ್ತೊಯ್ಯುವುದು ಕಡಿಮೆ ಇದ್ದಾಗ ಇವು ಚೆನ್ನ. ಬಿರುಸಿನ ರಾಸಾಯನಿಕ ಕ್ರಿಯೆ ಸೇರಿದರೆ ಮಾತ್ರ ಬಿಡಿಎಫ್ ಕಡೆಗೇ ಹೋಗಿ.

ಬಿಂದುಗಳನ್ನೇ ಓಡಾಡಿಸುವುದು

ಬಿಂದುಗಳ ಸಂಖ್ಯೆ ಅಷ್ಟೇ ಇರುತ್ತದೆ, ಅವು ಇರುವ ಜಾಗ ಬದಲಾಗುತ್ತದೆ. ಪ್ರತಿ ಕೋಶಕ್ಕೂ ಕಷ್ಟದ ಸಮಪಾಲು ಬರುವ ಹಾಗೆ ಬಿಂದುಗಳು ಸರಿಯುತ್ತವೆ. ಉತ್ತರ ಕಡಿದಾದ ಕಡೆ ಒತ್ತಾಗುತ್ತವೆ, ಸಪಾಟಾದ ಕಡೆ ದೂರ ಸರಿಯುತ್ತವೆ. 1981ರಲ್ಲಿ ಕೀತ್ ಮಿಲ್ಲರ್ ಮತ್ತು ರಾಬರ್ಟ್ ಮಿಲ್ಲರ್ ಅವರಿಂದ, ಆಮೇಲೆ 1994ರಲ್ಲಿ ಹುವಾಂಗ್, ರೆನ್, ರಸೆಲ್ ಅವರಿಂದ ಇದು ಗಟ್ಟಿಯಾಯಿತು.

ಒಂದು ಆಯಾಮದಲ್ಲಿ ಇದು ನಿಜಕ್ಕೂ ಸುಂದರವಾದ ವಿಧಾನ. ಅದರಲ್ಲೂ ಸ್ಫೋಟದ ಸಮಸ್ಯೆಗಳಲ್ಲಿ ಬೇರೆ ದಾರಿಯೇ ಇಲ್ಲ ಅನಿಸುತ್ತದೆ. ಶಾಖ ತನ್ನ ವರ್ಗದಷ್ಟೇ ಹೊಸ ಶಾಖ ಹುಟ್ಟಿಸುತ್ತಾ ಹೋದರೆ ಒಂದು ನಿಗದಿತ ಹೊತ್ತಿಗೆ ಉತ್ತರ ಅನಂತಕ್ಕೆ ಏರುತ್ತದೆ. ಶಿಖರ ಎತ್ತರವಾದಷ್ಟೂ ಕಿರಿದಾಗುತ್ತದೆ. ಎತ್ತರ 10 ಲಕ್ಷ ಪಟ್ಟಾಗುವ ಹೊತ್ತಿಗೆ ಅಗಲ ಸಾವಿರದಲ್ಲೊಂದು ಪಾಲಿನ ಆಸುಪಾಸಿಗೆ ಬಂದಿರುತ್ತದೆ. ಎಷ್ಟೇ ನುಣುಪಾದ ಸ್ಥಿರ ಗ್ರಿಡ್ ಹಾಕಿದರೂ ಒಂದು ಕ್ಷಣದಲ್ಲಿ ಶಿಖರ ಎರಡು ಬಿಂದುಗಳ ನಡುವೆ ಕಳೆದುಹೋಗುತ್ತದೆ. ಓಡಾಡುವ ಬಿಂದುಗಳು ಅದರ ಜೊತೆಗೇ ಒಳಸರಿಯುತ್ತವೆ.

ಎರಡು ಆಯಾಮಕ್ಕೆ ಬಂದರೆ ನಾನು ಹಿಂಜರಿಯುತ್ತೇನೆ. ಕೋಶಗಳು ತಿರುಚಿಕೊಳ್ಳುತ್ತವೆ, ಕೆಲವೊಮ್ಮೆ ಒಂದರ ಮೇಲೊಂದು ಮಡಿಸಿಕೊಳ್ಳುತ್ತವೆ. ಬಿಂದುಗಳ ಚಲನೆಗೆ ಬರೆಯುವ ಸಮೀಕರಣ ಮೂಲ ಸಮೀಕರಣಕ್ಕಿಂತ ಹೆಚ್ಚು ಸ್ಟಿಫ್ ಆಗುವುದೂ ಉಂಟು. ಚೂಪು ಭಾಗ ಒಂದೇ ಇದ್ದರೆ ಸರಿ. ಎರಡು ಹುಟ್ಟಿ, ಮೂರಾಗಿ, ಸೇರಿಕೊಳ್ಳುವ ಕಡೆ ಇರುವ ಬಿಂದುಗಳನ್ನೇ ಹಂಚಿಕೊಳ್ಳಬೇಕಾಗುತ್ತದೆ.

ಬೇಕಾದ ಕಡೆ ಕೋಶ ಸೀಳುವುದು

ಅಡಾಪ್ಟಿವ್ ಅಂದರೆ ಹೆಚ್ಚಿನವರ ಮನಸ್ಸಿಗೆ ಬರುವ ಚಿತ್ರ ಇದೇ: ಕೋಶವನ್ನು ನಾಲ್ಕಾಗಿ, ಎಂಟಾಗಿ ಸೀಳುವುದು, ಕೆಲಸ ಮುಗಿದ ಮೇಲೆ ಮತ್ತೆ ಸೇರಿಸುವುದು. ಬರ್ಗರ್ ಮತ್ತು ಓಲಿಗರ್ 1984ರಲ್ಲಿ ಇದನ್ನು ಅಲೆಗಳಂಥ ಹೈಪರ್‌ಬೋಲಿಕ್ ಸಮೀಕರಣಗಳಿಗಾಗಿ ಬರೆದರು. ಫೈನೈಟ್ ಎಲಿಮೆಂಟ್ (ಜಾಗವನ್ನು ತುಂಡು ಮಾಡಿ ತುಂಡಿಗೊಂದು ಬಹುಪದಿ ಹೊಂದಿಸುವ ವಿಧಾನ) ಕಡೆಯಲ್ಲಿ ತಪ್ಪಿನ ಅಂದಾಜಿನ ಮೇಲೆ ಕೋಶ ಆರಿಸುವ ದಾರಿಯನ್ನು 1978ರಲ್ಲಿ ಬಾಬುಶ್ಕಾ ಮತ್ತು ರೈನ್‌ಬೋಲ್ಟ್ ತೆರೆದರು. ಪುಕ್ಕಟೆ ಸಿಗುವ ಡೀಲ್-ಟೂ ಲೈಬ್ರರಿಯ 26ನೇ ಪಾಠ ಸರಿಯಾಗಿ ಇದೇ: ಶಾಖದ ಸಮೀಕರಣ, ಕಾಲದ ಜೊತೆ ಬದಲಾಗುವ ಮೆಶ್. ಸಿ++ ಬರುತ್ತದೆ ಅಂದರೆ ಅಲ್ಲಿಂದಲೇ ಶುರು ಮಾಡಿ.

ಮೂರು ತೊಡಕು ಮೊದಲೇ ತಿಳಿದಿರಲಿ. ಒಂದು, ಕೋಶವನ್ನು ನಾಲ್ಕು ಸಲ ಸೀಳಿದರೆ ಅಂತರ 16 ಪಟ್ಟು ಚಿಕ್ಕದು. ಹೈಪರ್‌ಬೋಲಿಕ್ ಸಮೀಕರಣದಲ್ಲಿ ಹೆಜ್ಜೆಯೂ 16 ಪಟ್ಟು ಚಿಕ್ಕದಾಗುತ್ತದೆ. ಇಲ್ಲಿ ಎಕ್ಸ್‌ಪ್ಲಿಸಿಟ್ ವಿಧಾನವಾದರೆ ವರ್ಗ, ಹಾಗಾಗಿ 256 ಪಟ್ಟು. ಒಂದು ಮೂಲೆಯ ಪುಟ್ಟ ಕೋಶ ಇಡೀ ಲೆಕ್ಕವನ್ನು ಎಳೆದು ನಿಲ್ಲಿಸುತ್ತದೆ. ಎರಡು, ಮೆಶ್ ಬದಲಾದಾಗಲೆಲ್ಲ ಹಳೆಯ ಬೆಲೆಗಳನ್ನು ಹೊಸ ಮೆಶ್‌ಗೆ ಸಾಗಿಸಬೇಕು. ಸಾಗಿಸುವಾಗ ಸ್ವಲ್ಪ ಸೋರುತ್ತದೆ. ಹೆಜ್ಜೆಗೊಮ್ಮೆ ಮೆಶ್ ಬದಲಿಸಿದರೆ ಆ ಸೋರಿಕೆಯೇ ಮುಖ್ಯ ತಪ್ಪಾಗಿ ನಿಲ್ಲಬಹುದು. ಮೂರು, ಬಿಡಿಎಫ್ ಹಿಂದಿನ ಹಲವು ಹೆಜ್ಜೆಗಳನ್ನು ನೆನಪಿಟ್ಟುಕೊಂಡು ನಡೆಯುವ ವಿಧಾನ. ಮೆಶ್ ಬದಲಾದರೆ ಆ ಹಳೆಯ ಬೆಲೆಗಳನ್ನೂ ಸಾಗಿಸಬೇಕು, ಇಲ್ಲದಿದ್ದರೆ ಮೊದಲ ದರ್ಜೆಯಿಂದ ಮತ್ತೆ ಶುರು ಮಾಡಬೇಕು. ಅದಕ್ಕೇ ಬದಲಾಗುವ ಮೆಶ್ ಜೊತೆ ರಾಡಾವ್, ರೋಸೆನ್‌ಬ್ರಾಕ್‌ನಂಥ ಒಂದೇ ಹೆಜ್ಜೆಯ ವಿಧಾನಗಳು ಚೆನ್ನಾಗಿ ಹೊಂದುತ್ತವೆ.

ಕೋಶ ಸೀಳುವುದರ ಜೊತೆಗೆ ಬಹುಪದಿಯ ದರ್ಜೆಯನ್ನೂ ಬದಲಿಸುವ ವಿಧಾನಗಳಿವೆ. ಚೆನ್ನಾಗಿವೆ, ಆದರೆ ಮೊದಲ ಸಲ ಇಳಿಯುವವರಿಗೆ ನಾನು ಹೇಳುವುದಿಲ್ಲ.

ಯಾವುದನ್ನು ನೋಡಿ ಸೀಳುವುದು

ನನ್ನ ದೃಷ್ಟಿಯಲ್ಲಿ ವಿಧಾನದ ಆಯ್ಕೆಗಿಂತ ಇದು ದೊಡ್ಡ ಪ್ರಶ್ನೆ. ಮೇಲಿನ ಫಿಶರ್ ಅಲೆಯನ್ನೇ ನಾನೂ ಒಮ್ಮೆ ಅಡಾಪ್ಟಿವ್ ಮೆಶ್ ಮೇಲೆ ಓಡಿಸಿದ್ದೆ. ಇಳಿಜಾರು ಕಡಿದಾದ ಕಡೆ ಸೀಳು ಅಂತ ಹೇಳಿದ್ದೆ. ಚಿತ್ರ ನೋಡಿದರೆ ಅಚ್ಚುಕಟ್ಟು: ಅಲೆಯ ಮುಖದಲ್ಲಿ ಪುಟ್ಟ ಕೋಶಗಳು, ಹಿಂದೆ ಮುಂದೆ ದೊಡ್ಡವು. ವೇಗ ಮಾತ್ರ ಜಾಸ್ತಿ ಬಂತು. ಇಲ್ಲಿ ವೇಗ ಕಾಗದದ ಮೇಲೇ ಗೊತ್ತು. ಗುಣಾಂಕ ಮತ್ತು ದರದ ಗುಣಲಬ್ಧದ ವರ್ಗಮೂಲದ ಎರಡು ಪಟ್ಟು, ಅಂದರೆ 0.2. ಅದೂ ಕೆಳಗಿನಿಂದ ನಿಧಾನವಾಗಿ ಅಲ್ಲಿಗೆ ಏರಬೇಕು. ಕಾಲ 4ರಲ್ಲೂ ಶೇಕಡಾ 2ರಷ್ಟು ಕಡಿಮೆಯೇ ಇರಬೇಕು. ಮೀರುವುದಕ್ಕೆ ಕಾರಣವೇ ಇರಲಿಲ್ಲ.

ಹುಡುಕಿದಾಗ ಸಿಕ್ಕಿದ್ದು ಇದು. ಈ ಅಲೆಯನ್ನು ಎಳೆಯುವುದು ಕಡಿದಾದ ಮುಖ ಅಲ್ಲ, ಅದರ ಮುಂದೆ ಚಾಚಿಕೊಂಡ ತೆಳ್ಳನೆಯ ಬಾಲ. ಕಣ್ಣಿಗೆ ಸೊನ್ನೆಯಂತೆ ಕಾಣುವ ಆ ಬಾಲದಲ್ಲಿ ಜೀವಿ ಎಷ್ಟು ವೇಗವಾಗಿ ಬೆಳೆಯುತ್ತದೆ ಅನ್ನುವುದೇ ಅಲೆಯ ವೇಗವನ್ನು ತೀರ್ಮಾನಿಸುತ್ತದೆ. ನನ್ನ ಮೆಶ್‌ನಲ್ಲಿ ಬಾಲ ಬಿದ್ದಿದ್ದು ದೊಡ್ಡ ಕೋಶಗಳ ಮೇಲೆ. ಒಂದು ಕೋಶ 0.032 ಅಗಲ ಅಂದುಕೊಳ್ಳಿ. ಬಾಲ ಪ್ರತಿ 0.01ಕ್ಕೆ 2.7 ಪಟ್ಟು ಇಳಿಯುತ್ತದೆ. ಕೋಶದ ನಡುವೆ ನಿಜವಾದ ಬೆಲೆ ಎಡತುದಿಯ ಬೆಲೆಯ ಐದರಲ್ಲೊಂದು ಪಾಲು, 0.20. ಎರಡು ತುದಿಗಳ ನಡುವೆ ನೇರ ಗೆರೆ ಎಳೆದರೆ ಬರುವುದು 0.52. ಅಲೆ ಹತ್ತಿರ ಬಂದು ಕೋಶ ಸೀಳಿದಾಗಲೆಲ್ಲ ಹೊಸ ಬಿಂದುವಿಗೆ ಈ ಎರಡೂವರೆ ಪಟ್ಟು ಬೆಲೆ ತುಂಬುತ್ತಿತ್ತು. ಬಾಲ ದಪ್ಪವಾಯಿತು, ಅಲೆ ಓಡಿತು.

ಬೆಲೆಯ ಬದಲು ಅದರ ಲಾಗರಿದಮ್ ಮೇಲೆ ನೇರ ಗೆರೆ ಎಳೆದರೆ ಸರಿಯಾಗಿ 0.20 ಬರುತ್ತದೆ. ಸೀಳುವ ಸೂಚಕವನ್ನೂ ಲಾಗರಿದಮ್ ಮೇಲೆ ಇಟ್ಟು, ಅಲೆಯ ಮುಂದೆ ಸಾಕಷ್ಟು ದೂರ ಪುಟ್ಟ ಕೋಶಗಳನ್ನು ಹಾಸಿದ ಮೇಲೆ ವೇಗ ಸರಿಹೋಯಿತು. ತಪ್ಪು ಇನ್ನೊಂದು ದಿಕ್ಕಿಗೂ ಹೋಗಬಹುದು. ತೀರಾ ಸಣ್ಣ ಬೆಲೆಗಳನ್ನು ಸೊನ್ನೆ ಮಾಡುವ ಕೋಡ್‌ಗಳಿವೆ. ಹತ್ತು ಲಕ್ಷದಲ್ಲೊಂದಕ್ಕಿಂತ ಕಡಿಮೆ ಇದ್ದದ್ದನ್ನು ಕತ್ತರಿಸಿದರೆ ಅಲೆ ಶೇಕಡಾ 2.6ರಷ್ಟು ನಿಧಾನವಾಗುತ್ತದೆ. ಈ ಸೂತ್ರವನ್ನು ಬ್ರೂನೆ ಮತ್ತು ಡೆರಿಡಾ 1997ರಲ್ಲಿ ಕೊಟ್ಟರು. ಸೈಪೈಯಲ್ಲಿ ಏನೂ ಹೇಳದಿದ್ದರೆ ಎಟಾಲ್ (ಸಹಿಸುವ ತಪ್ಪಿನ ನೇರ ಮಿತಿ) ಕೂಡ ಹತ್ತು ಲಕ್ಷದಲ್ಲೊಂದೇ. ಅದು ಬೆಲೆಗಳನ್ನು ಕತ್ತರಿಸುವುದಿಲ್ಲ, ಆದರೆ ಅದಕ್ಕಿಂತ ಕೆಳಗಿನ ಬೆಲೆಗಳು ಸರಿಯೋ ತಪ್ಪೋ ಅಂತ ನೋಡುವುದೂ ಇಲ್ಲ.

ಈ ಪ್ರಶ್ನೆಗೆ ಶಿಸ್ತಾದ ಉತ್ತರ ಕೊಡುವ ವಿಧಾನವೂ ಇದೆ. ನಿಮಗೆ ಬೇಕಾದ ಒಂದು ಸಂಖ್ಯೆಯನ್ನು ಹೇಳಿ, ಅದರ ಮೇಲೆ ಯಾವ ಕೋಶದ ತಪ್ಪು ಎಷ್ಟು ಪರಿಣಾಮ ಬೀರುತ್ತದೆ ಅಂತ ಇನ್ನೊಂದು ಜೋಡಿ ಸಮೀಕರಣ ಬಿಡಿಸಿ ತಿಳಿಯುವುದು. ಬೆಕರ್ ಮತ್ತು ರಾನಾಕರ್ ಹೆಸರಿನಲ್ಲಿ ಇದು ಪ್ರಸಿದ್ಧ. ಖರ್ಚು ಏನೆಂದರೆ ಆ ಜೋಡಿ ಸಮೀಕರಣ ಕಾಲದಲ್ಲಿ ಹಿಂದಕ್ಕೆ ಓಡುತ್ತದೆ. ಅದಕ್ಕೆ ಮುಂದಕ್ಕೆ ಓಡಿದ ಇಡೀ ಉತ್ತರವನ್ನು ಇಟ್ಟುಕೊಂಡಿರಬೇಕು, ಇಲ್ಲವೇ ತುಂಡು ತುಂಡಾಗಿ ಮತ್ತೆ ಲೆಕ್ಕ ಹಾಕಬೇಕು. ಒಂದೇ ಸಂಖ್ಯೆ ಬೇಕಾಗಿದ್ದು, ಅದು ಬಹಳ ನಿಖರವಾಗಿರಬೇಕು ಅಂದಾಗ ಮಾತ್ರ ಇಷ್ಟು ಕಷ್ಟಕ್ಕೆ ಬೆಲೆ.

ಮೂವರಿಗೆ ಹೇಳಿದ್ದು

ಎಂ.ಎಸ್ಸಿ. ಪ್ರಾಜೆಕ್ಟ್‌ನವರಿಗೆ: ಸಮ ಗ್ರಿಡ್, ಸೈಪೈನ ಬಿಡಿಎಫ್, ಜ್ಯಾಕ್-ಸ್ಪಾರ್ಸಿಟಿ. ಗ್ರಿಡ್ಡನ್ನು ಎರಡು ಸಲ ಅರ್ಧ ಮಾಡಿ ಉತ್ತರ ಎಷ್ಟು ಬದಲಾಯಿತು ಅಂತ ವರದಿಯಲ್ಲಿ ಬರೆಯಿರಿ. ಎರಡು ದಿನದ ಕೆಲಸ, ದುಡ್ಡಿನ ಖರ್ಚಿಲ್ಲ.

ಅಲೆಯವರಿಗೆ: ಅಲೆ ಚಪ್ಪಟೆಯಾಗಿ ಚಲಿಸುತ್ತಿದ್ದರೆ ಒಂದು ಆಯಾಮ ಸಾಕು. ಎರಡು ಆಯಾಮ ಬೇಕೇ ಬೇಕಾದರೂ ಸಮ ಗ್ರಿಡ್ ಸಾಕಾಗುತ್ತದೆ, 10 ಲಕ್ಷ ಬಿಂದು ಇವತ್ತಿನ ಮೆಷಿನ್ನಿಗೆ ದೊಡ್ಡದಲ್ಲ. ಮೂರು ಆಯಾಮಕ್ಕೆ ಹೋದರೆ ಕೋಶ ಸೀಳುವ ವಿಧಾನ, ಲಾಗರಿದಮ್ ಸೂಚಕದ ಜೊತೆ. ಅದಕ್ಕೂ ಮುಂಚೆ ಒಂದು ಆಯಾಮದಲ್ಲಿ ಓಡಿಸಿ 0.2 ಬರುತ್ತದಾ ನೋಡಿಕೊಳ್ಳಬೇಕು.

ಲೇಸರ್ ಎಂಜಿನಿಯರ್‌ಗೆ ಮಾತ್ರ ಸೀಳಲೇಬೇಕು ಅಂತ ಹೇಳಿದೆ. ಅವರ ತಟ್ಟೆ 10 ಸೆಂ.ಮೀ. ಉದ್ದ, ಅಷ್ಟೇ ಅಗಲ, 1 ಸೆಂ.ಮೀ. ದಪ್ಪ. ಲೇಸರ್ ಚುಕ್ಕೆ 0.1 ಮಿ.ಮೀ. ಚುಕ್ಕೆಯಲ್ಲಿ ಹತ್ತು ಕೋಶ ಬೇಕೆಂದರೆ ಅಂತರ 0.01 ಮಿ.ಮೀ. ಸಮ ಗ್ರಿಡ್‌ಗೆ 10,000 ಕೋಟಿ ಕೋಶ, ಒಂದು ಪ್ರತಿಗೇ 800 ಜಿ.ಬಿ. ಚುಕ್ಕೆಯ ಸುತ್ತ 2 ಮಿ.ಮೀ. ಉದ್ದ, 1 ಮಿ.ಮೀ. ಅಗಲ, 1 ಮಿ.ಮೀ. ಆಳ ಮಾತ್ರ ನುಣುಪಾಗಿಟ್ಟರೆ 20 ಲಕ್ಷ ಕೋಶ, ಉಳಿದ ಕಡೆ ಕೆಲವು ಲಕ್ಷ. ಹತ್ತು ಪಟ್ಟಲ್ಲ, ಹತ್ತಾರು ಸಾವಿರ ಪಟ್ಟು ಲಾಭ. ಲೇಸರ್ ದಾಟಿ ಹೋದ ಜಾಗ ತಾನೇ ನುಣುಪಾಗುವುದರಿಂದ ಹಿಂದಿನ ಕೋಶಗಳನ್ನು ಧೈರ್ಯವಾಗಿ ಸೇರಿಸಬಹುದು.

ಕಾಲದ ವಿಧಾನಕ್ಕೆ ಅವರು ಇಂಪ್ಲಿಸಿಟ್ ಅಂದುಕೊಂಡಿದ್ದರು. ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ಲೇಸರ್ ಸೆಕೆಂಡಿಗೆ 1 ಮೀಟರ್ ಓಡುತ್ತದೆ, ಒಂದು ಕೋಶ ದಾಟಲು ಸೆಕೆಂಡಿನ ಲಕ್ಷದಲ್ಲೊಂದು ಪಾಲು. ನಿಖರತೆಗೇ ಅಷ್ಟು ಪುಟ್ಟ ಹೆಜ್ಜೆ ಬೇಕು. ಉಕ್ಕಿನ ಗುಣಾಂಕ ಸೆಕೆಂಡಿಗೆ 10 ಚದರ ಮಿ.ಮೀ. ಅಂತ ಹಿಡಿದರೆ ಎಕ್ಸ್‌ಪ್ಲಿಸಿಟ್ ವಿಧಾನದ ಮಿತಿ ಅದರ ಆರರಲ್ಲೊಂದು ಪಾಲು ಅಷ್ಟೇ. ಐದು ಹಂತದ ಚೆಬಿಶೆವ್ ವಿಧಾನ ಆ ಅಂತರವನ್ನು ಪೂರ್ತಿ ಮುಚ್ಚುತ್ತದೆ. ಲೋಹ ಕರಗುವಾಗ ಗುಪ್ತೋಷ್ಣ ಬಂದು ಸಮೀಕರಣ ಮುರಿದಂತಾಗುತ್ತದೆ, ಅಲ್ಲಿ ಇಂಪ್ಲಿಸಿಟ್ ವಿಧಾನದ ನ್ಯೂಟನ್ ಸುತ್ತುಗಳು (ಊಹೆಯನ್ನು ಮತ್ತೆ ಮತ್ತೆ ತಿದ್ದುವ ಲೆಕ್ಕ) ತಡವರಿಸುತ್ತವೆ. ಚೆಬಿಶೆವ್ ವಿಧಾನದಲ್ಲಿ ಆ ತೊಂದರೆಯೂ ಇಲ್ಲ. ಹತ್ತು ಸೆಂ.ಮೀ. ಓಟಕ್ಕೆ 10,000 ಹೆಜ್ಜೆ. ಮೊದಲ ವಾರ ಅವರು ಮೆಶ್ ಸೀಳದೆ, 2 ಮಿ.ಮೀ. ತುಂಡಿನ ಮೇಲೆ ಮಾತ್ರ ಸಮ ಗ್ರಿಡ್ ಹಾಕಿ ಓಡಿಸುತ್ತಿದ್ದಾರೆ. ಆ ಸಂಖ್ಯೆಗಳು ಕೈಗೆ ಬಂದ ಮೇಲೆ ಸೀಳಿದ ಮೆಶ್‌ನ ಉತ್ತರವನ್ನು ಪಕ್ಕದಲ್ಲಿಟ್ಟು ನೋಡಬಹುದು.